ಒಂದೇ ವಂಶದ ಎರಡು ಬೂಷ್ಟು

ಶೇಂಗಾ ಪೇಟೆಯಲ್ಲಿ ಬೂಷ್ಟೆಂದರೆ ದರದಲ್ಲಿ ಕಡಿತ, ಅಷ್ಟೇ ಲೆಕ್ಕ. ಆದರೆ ಅದು ಪ್ರಾಣದ ಲೆಕ್ಕವೂ ಹೌದು. ಈ ಸಲ ಅದನ್ನೇ ಓದುಗ ಬಂಧುಗಳ ಮುಂದಿಡುತ್ತೇವೆ.

1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಶೋಧಿಸಿದಾಗ, ಬ್ರೆಜಿಲ್ ದೇಶದಿಂದ ತರಿಸಿದ್ದ ಶೇಂಗಾ ಹಿಂಡಿಯೇ ಕಾರಣವೆಂದು ತಿಳಿಯಿತು. ಅದರಲ್ಲಿ ಬೆಳೆದಿದ್ದ ಬೂಷ್ಟಿನ ಹೆಸರು ಆಸ್ಪರ್ಜಿಲಸ್ ಫ್ಲೇವಸ್. ಅದು ಬಿಟ್ಟ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. ಇದು ಯಕೃತ್ತನ್ನು ಕೆಡಿಸುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ. ನಮ್ಮ ದೇಶದಲ್ಲಿಯೇ 1974ರಲ್ಲಿ ಗುಜರಾತ, ರಾಜಸ್ಥಾನದ ಹಳ್ಳಿಗಳಲ್ಲಿ ಬೂಷ್ಟು ಹಿಡಿದ ಗೋವಿನಜೋಳ ಉಂಡು, ಕಾಮಾಲೆಯಾಗಿ ನೂರಕ್ಕೂ ಹೆಚ್ಚು ಜನ ತೀರಿಕೊಂಡರು.

ಇದೇ ವಂಶದ ಇನ್ನೊಂದು ಬೂಷ್ಟು ಆಸ್ಪರ್ಜಿಲಸ್ ಒರೈಜೆ. ಜಪಾನಿನವರು ಬೇಯಿಸಿದ ಅಕ್ಕಿಯ ಮೇಲೆ ಇದನ್ನು ಬೆಳೆಸಿ 'ಕೋಜಿ' ಮಾಡುತ್ತಾರೆ. ಅವರ ಸೋಯಾ ಸಾಸಿಗೂ, ಅಕ್ಕಿಯ ಮದ್ಯಕ್ಕೂ ಈ ಬೂಷ್ಟೇ ಆಧಾರ. 2006ರಲ್ಲಿ ಅಲ್ಲಿಯ ಬ್ರೂಯಿಂಗ್ ಸೊಸೈಟಿಯು ಇದನ್ನು ರಾಷ್ಟ್ರದ ಬೂಷ್ಟೆಂದೇ ಸಾರಿತು. ಮುಖದ ಕ್ರೀಮುಗಳಲ್ಲಿ ಹಾಕುವ ಕೋಜಿಕ್ ಆಮ್ಲವನ್ನು ಎರಡೂ ಬೂಷ್ಟುಗಳು ತಯಾರಿಸುತ್ತವೆ. ವಿಷ ತಯಾರಿಸುವ ಜೀನುಗಳು ಒರೈಜೆಯಲ್ಲಿಯೂ ಉಳಿದಿವೆ. ಆದರೆ ಅವು ಕೆಲಸ ನಿಲ್ಲಿಸಿವೆ. ಮುಖ್ಯ ಭೇದ ಇರುವುದು ಇದರಲ್ಲೇ.

ಈ ಭೇದ ನಮ್ಮ ಕಣ್ಣಿಗೆ ಕಾಣುವಂಥದ್ದಲ್ಲ. ಚೀಲದಲ್ಲಿ ಹಸಿರು-ಹಳದಿ ಬೂಷ್ಟು ಕಂಡರೆ ಅದು ಯಾವುದೆಂದು ಹೇಳಬಲ್ಲವರು ಪ್ರಯೋಗಶಾಲೆಯವರು ಮಾತ್ರ. ಹುರಿದರೂ ಈ ವಿಷ ಪೂರ್ತಿ ಹೋಗದು. ಚಟ್ನಿಪುಡಿ ಮಾಡಿದರೆ ಬೂಷ್ಟು ಖಾರದಲ್ಲಿ ಮುಚ್ಚಿಹೋಗುತ್ತದೆ, ವಿಷ ಉಳಿಯುತ್ತದೆ. ದನಕ್ಕೆ ಹಾಕೋಣವೆಂದರೆ ಅದರ ಒಂದಂಶ ಹಾಲಿನಲ್ಲಿ ಇಳಿದು ಮಕ್ಕಳ ಬಟ್ಟಲಿಗೇ ಬರುತ್ತದೆ. ಬೂಷ್ಟು ಬಂದದ್ದು ಅಭಕ್ಷ್ಯವೆಂದ ಹಿರಿಯರ ಮಾತಿಗೆ ಇಂದಿನ ವಿಜ್ಞಾನವೂ ಸಾಕ್ಷಿ ಹೇಳುತ್ತಿದೆ.

ಆದ್ದರಿಂದ ವ್ಯಾಪಾರಸ್ಥ ಬಂಧುಗಳಲ್ಲಿ ನಮ್ಮ ವಿನಂತಿ. ಕಾಯಿ ಪೂರ್ತಿ ಒಣಗಿದ ಮೇಲೆಯೇ ಚೀಲ ಹೊಲಿಸಿರಿ. ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಒಟ್ಟಿರಿ. ಒಡೆದ, ಮುದುಡಿದ, ಬಣ್ಣಗೆಟ್ಟ ಕಾಳುಗಳನ್ನು ಆರಿಸಿ ತೆಗೆಸಿರಿ. ವಿಷ ಹೆಚ್ಚಾಗಿ ಇರುವುದು ಅವುಗಳಲ್ಲಿಯೇ. ಆರಿಸಿದ್ದಕ್ಕೂ ಅಗ್ಗದ ಗಿರಾಕಿ ಬಂದೇ ಬರುತ್ತಾನೆ. ಅವನ ಮನೆಯಲ್ಲಿಯೂ ಮಕ್ಕಳಿದ್ದಾರೆ. ಅಂಥ ಮಾಲನ್ನು ಮಾರದೆ ನಾಶಮಾಡಿ, ಆ ನಷ್ಟವನ್ನು ನಮ್ಮ ಖಾತೆಗೇ ಬರೆದುಕೊಳ್ಳೋಣ.