ಮೊದಲ ಕೋವಿಗೆ ಒಂದು ನಳಿಗೆ ಸಾಕು

"ಲೈಸೆನ್ಸ್ ಸಿಕ್ಕಿದ್ರೆ ತೆಗೊಳ್ಳುವುದು ಇದನ್ನೇ ಅಣ್ಣ" ಅಂತ ಪಕ್ಕದ ತೋಟದ ಹುಡುಗ ಮೊಬೈಲ್ ತೋರಿಸಿದ. ಅಮೆರಿಕದ ವಿಡಿಯೊ. ರುಗರ್ 10/22 ಎಂಬ ಪುಟ್ಟ ಸೆಮಿ ಆಟೋಮ್ಯಾಟಿಕ್ ರೈಫಲ್. ಪಾಯಿಂಟ್ 22 ಗುಂಡು, ಮ್ಯಾಗಜಿನ್‌ನಲ್ಲಿ ಹತ್ತು ಹಿಡಿಯುತ್ತದೆ. ಟ್ರಿಗರ್ ಎಳೆದಷ್ಟು ಸಲ ಒಂದೊಂದು ಹಾರುತ್ತದೆ, ಹೆಗಲಿಗೆ ಒದೆತವೂ ಇಲ್ಲ. ಹೊಸಬರು ಕಲಿಯಲು ಇದೇ ಒಳ್ಳೆಯದು ಅಂತ ಅಲ್ಲಿಯವರು ಹೇಳ್ತಾರೆ. "ಮಂಗನ ಹಿಂಡು ಬಂದಾಗ ಇದಿದ್ರೆ ಹೇಗೆ!" ಅಂದ.

ಅವನ ಸಿಟ್ಟು ನನಗೆ ಅರ್ಥವಾಗುತ್ತದೆ. ಅವರ ಮನೆಯಲ್ಲಿ ಈ ವರ್ಷ ಸಾರಿಗೆ ಹಾಕಲಿಕ್ಕೂ ತೆಂಗಿನಕಾಯಿಯನ್ನು ಅಂಗಡಿಯಿಂದ ತಂದಿದ್ದಾರೆ. ಕೊಕ್ಕೊ ಮಂಗನ ಪಾಲು, ಬಾಳೆ ಹಂದಿಯ ಪಾಲು. ಪುತ್ತೂರು, ಸುಳ್ಯ, ಕಡಬದಲ್ಲಿ ಇದು ಯಾವ ಮನೆಯ ಕಥೆ ಅಲ್ಲ ಹೇಳಿ? ಆದರೂ ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳ್ತೇನೆ. ಮೊದಲ ಸಲ ಕೋವಿ ಹಿಡಿಯುವವನಿಗೆ ನಮ್ಮೂರಲ್ಲಿ ಅಂಥ ರೈಫಲ್ ಬೇಡ. ಒಂಟಿ ನಳಿಗೆಯ ತೋಟೆ ಕೋವಿ ಸಾಕು.

ಮೊದಲಿಗೆ, ಅದು ಸಿಗುವುದೂ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ಬೆಳೆ ರಕ್ಷಣೆಗೆ ಅಂತ ಹೇಳುವುದು ನಳಿಗೆಯ ಬಾಯಿಂದ ಮದ್ದು ತುಂಬಿಸುವ ಕೋವಿಯನ್ನು, ಅಂದರೆ ನಮ್ಮ ಹಿರಿಯರ ಕೇಪಿನ ಕೋವಿಯನ್ನು. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆಯಾದರೆ ಒಳಮೈ ನಯವಾದ, 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ ಬೇರೆ ಕೋವಿ ಕೊಡಬಹುದು. ತೋಟೆ ಕೋವಿ ಬರುವುದು ಈ ದಾರಿಯಲ್ಲಿ. ರೈಫಲ್ಲಿನ ನಳಿಗೆಯೊಳಗೆ ತಿರುಪು ಗೆರೆ ಇರುತ್ತದೆ, ಹಾಗಾಗಿ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಸಂಪಾಜೆ ಘಾಟಿ ದಾಟಿದರೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿ ಉಂಟು, ಅದು 2029ರವರೆಗೆ ಮುಂದುವರಿದಿದೆ. ಘಾಟಿಯ ಈಚೆಗಿನ ನಮಗೆ ಅರ್ಜಿ, ಪೊಲೀಸ್ ವರದಿ, ಸುರಕ್ಷತಾ ತರಬೇತಿಯ ಸರ್ಟಿಫಿಕೇಟ್, ಮತ್ತೆ ಕಾಯುವುದು.

ಸಿಗುತ್ತದೆ ಅಂತಲೇ ಇಟ್ಟುಕೊಳ್ಳಿ. ಆಗಲೂ ನನ್ನ ಉತ್ತರ ಬೇಡ ಅಂತಲೇ. ಪಾಯಿಂಟ್ 22 ಗುಂಡಿನ ತೂಕ ಎರಡೂವರೆ ಗ್ರಾಂ ಆಸುಪಾಸು, ನೋಡಿದರೆ ಆಟದ ಸಾಮಾನಿನ ಹಾಗೆ. ಆದರೆ ಓರೆಯಾಗಿ ಮೇಲಕ್ಕೆ ಹಾರಿಸಿದರೆ ಒಂದೂವರೆ ಕಿ.ಮೀ. ದಾಟಿ ಹೋಗಬಲ್ಲದು. ಗಟ್ಟಿ ಮುರಕಲ್ಲಿಗೋ ಕೆರೆಯ ನೀರಿಗೋ ಓರೆಯಾಗಿ ತಾಗಿದರೆ ಚಿಮ್ಮಿ ದಿಕ್ಕು ಬದಲಿಸುತ್ತದೆ. ನಮ್ಮಲ್ಲಿ ಊರು ಬೇರೆ ತೋಟ ಬೇರೆ ಅಂತ ಇಲ್ಲವಲ್ಲ ಮಾರಾಯ್ರೆ. ತೋಟದ ನಡುವೆ ಮನೆ, ಮನೆಯಾಚೆ ಇನ್ನೊಂದು ತೋಟ, ಅದರಾಚೆ ಶಾಲೆ. ಮಂಗ ಕೂತಿರುವುದು ಅಡಿಕೆ ಮರದ ತುದಿಯಲ್ಲಿ, ಅದರ ಹಿಂದೆ ಇರುವುದು ಬರೀ ಆಕಾಶ. ತಪ್ಪಿದ ಗುಂಡು ಯಾರ ಅಂಗಳಕ್ಕೆ ಬೀಳುತ್ತದೆ? 12 ಬೋರಿನ ಆರನೇ ನಂಬರಿನ ಸಣ್ಣ ಚರೆ ಇನ್ನೂರು, ಇನ್ನೂರೈವತ್ತು ಮೀಟರಿನೊಳಗೆ ಕಸುವು ಕಳೆದುಕೊಂಡು ಉದುರುತ್ತದೆ. ಎಲ್‌ಜಿಯಂತಹ ದಪ್ಪ ಚರೆ ಹಾಗಲ್ಲ, ಅದು ಅರ್ಧ ಕಿ.ಮೀ. ದಾಟುತ್ತದೆ. ಹೊಸಬರು ಅದನ್ನು ಮನೆಗೇ ತರಬೇಡಿ.

ನನ್ನದೇ ಒಂದು ವಿಷಯ ಹೇಳಬೇಕು. ನಾಲ್ಕು ವರ್ಷದ ಹಿಂದೆ, ಬೆಳಗಿನ ನಾಲ್ಕೂವರೆ ಇರಬಹುದು. ಬಾಳೆ ಬುಡದಲ್ಲಿ ಸರಬರ ಸದ್ದು. ವಾರದಿಂದ ಹಂದಿ ಬರ್ತಾ ಇತ್ತು. ಹೆದರಿಸಲಿಕ್ಕೆಂದು ಹೊರಟವನು ನಾನು, ಆದರೆ ಕೋವಿಯ ಬಾಯಿ ಆಕಾಶಕ್ಕಲ್ಲ, ಸದ್ದು ಬಂದ ಕಡೆಗೆ ತಿರುಗಿತ್ತು. ಒಂಟಿ ನಳಿಗೆಯ ಕೋವಿಯನ್ನು ಮಡಚಿ ತೆರೆದೇ ಹಿಡಿದು ನಡೆಯುವುದು ಅಜ್ಜ ಕಲಿಸಿದ ಅಭ್ಯಾಸ. ತೋಟೆ ಒಳಗಿತ್ತು, ನಳಿಗೆ ಮುಚ್ಚಿರಲಿಲ್ಲ. ಮುಚ್ಚಬೇಕು ಅನ್ನುವಷ್ಟರಲ್ಲಿ ಅಲ್ಲಿ ಹೆಡ್‌ಲೈಟ್ ಹೊತ್ತಿತು. ಆಚೆ ತೋಟದ ರಬ್ಬರ್ ಟ್ಯಾಪಿಂಗಿನವರು! ಬ್ಯಾಟರಿ ಉಳಿಸಲಿಕ್ಕೆ ಲೈಟ್ ಆರಿಸಿ, ನಮ್ಮ ತೋಟದ ಒಳದಾರಿಯಲ್ಲಿ ಬರ್ತಾ ಇದ್ದರು. "ಎಂತ ಭಟ್ರೆ, ಇಷ್ಟು ಬೇಗ?" ಅಂತ ಕೇಳಿ ಹೋದರು. ನನಗೆ ಮಾತು ಬರಲಿಲ್ಲ. ಇವತ್ತಿಗೂ ಅವರಿಗೆ ಹೇಳಿಲ್ಲ.

ಸೆಮಿ ಆಟೋಮ್ಯಾಟಿಕ್‌ನಲ್ಲಿ ಮುಚ್ಚುವ ಆ ಒಂದು ಕ್ಷಣ ಇಲ್ಲ. ಒಂದು ಗುಂಡು ಹಾರಿದ ಕೂಡಲೇ ಮುಂದಿನದು ತಾನಾಗಿ ಬಂದು ಕೂತಿರುತ್ತದೆ. ಮ್ಯಾಗಜಿನ್ ತೆಗೆದರೂ ನಳಿಗೆಯಲ್ಲಿ ಒಂದು ಉಳಿದಿರಬಹುದು, ಹೊಸಬ ಮರೆಯುವುದು ಅದನ್ನೇ. ಒಂಟಿ ನಳಿಗೆಯದನ್ನು ಮಡಚಿದರೆ ಖಾಲಿಯೋ ತುಂಬಿದೆಯೋ ಅಂತ ಎದುರಿಗಿದ್ದವರಿಗೂ ಕಾಣುತ್ತದೆ. ಕೇಪಿನ ಕೋವಿ ಅಗ್ಗ ಹೌದು, ಕಾಯ್ದೆಯಲ್ಲೂ ಸುಲಭ. ಆದರೆ ತುಂಬಿಸಿದ ಮೇಲೆ ಅದನ್ನು ಖಾಲಿ ಮಾಡಲು ಹೆಚ್ಚಿನವರಿಗೆ ಗೊತ್ತಿರುವ ದಾರಿ ಹಾರಿಸುವುದೊಂದೇ. ಹಾಗಾಗಿ ಎಷ್ಟೋ ಮನೆಗಳಲ್ಲಿ ಅದು ತುಂಬಿಕೊಂಡೇ ಮೂಲೆಯಲ್ಲಿ ನಿಂತಿರುತ್ತದೆ, ಮಕ್ಕಳು ಓಡಾಡುವಲ್ಲಿ. ನಮ್ಮ ಮಳೆಗಾಲದಲ್ಲಿ ಮದ್ದು ಥಂಡಿ ಹಿಡಿದು ಬೇಕಾದಾಗ ಹೊತ್ತುವುದೂ ಇಲ್ಲ. ಅದಕ್ಕೇ ಅರ್ಜಿಯಲ್ಲಿ ಕಾರಣ ಬರೆದು ತೋಟೆ ಕೋವಿಯನ್ನೇ ಕೇಳಿ ಅನ್ನುವುದು.

ಕೊಳ್ಳುವಾಗ ಹಳೆಯದಾದರೂ ಅಡ್ಡಿಯಿಲ್ಲ, ಲೈಸೆನ್ಸ್ ಇರುವ ಅಂಗಡಿಯಿಂದ ಆಗಬೇಕು. ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ತುಕ್ಕಿನ ಗುಳಿ ಉಂಟಾ ನೋಡಿ. ಮುಚ್ಚಿದ ಮೇಲೆ ಅಲುಗಾಡಿಸಿ, ಕೀಲು ಕಟಕಟ ಅಂದರೆ ಬೇಡ. ಹೆಗಲಿಗೆ ಕೊಟ್ಟಾಗ ಕತ್ತು ಬಗ್ಗಿಸದೆ ಗುರಿ ಕಾಣಬೇಕು. ಜೋಡು ನಳಿಗೆಯದು ಭಾರ, ಎರಡನೇ ಈಡಿನ ಆಸೆ ಬೇರೆ. ಅನುಭವ ಆದ ಮೇಲೆ ನೋಡಿಕೊಳ್ಳಿ.

ತೋಟಗಾರಿಕೆ ಓದುವಾಗ ಕೀಟಗಳಿಗೆ ಆರ್ಥಿಕ ಹಾನಿಯ ಮಟ್ಟ ಅಂತ ಪಾಠ ಮಾಡಿದ್ದರು. ಮಂಗನ ಬಗ್ಗೆ ಒಂದು ಪುಟವೂ ಇರಲಿಲ್ಲ. ಕಾಯ್ದೆಯಲ್ಲಿ ಮಾತ್ರ ಉಂಟು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ನಮ್ಮ ಊರ ಮಂಗ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ. ನವಿಲು ಮೊದಲಿನಿಂದಲೂ ಅಲ್ಲೇ. ಹಂದಿ ಎರಡನೆಯದರಲ್ಲಿ, ಅದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಕೋವಿಯ ಲೈಸೆನ್ಸ್ ಅಂದರೆ ಕೊಲ್ಲುವ ಲೈಸೆನ್ಸ್ ಅಲ್ಲ. ಆನೆಯ ಮಾತಂತೂ ಬಿಡಿ. 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಆನೆ ಇಬ್ಬರನ್ನು ಕೊಂದದ್ದು ನೆನಪಿರಬಹುದು. ಚರೆ ತಾಗಿ ಗಾಯಗೊಂಡ ಆನೆಯ ಎದುರಿಗೆ ನಾಳೆ ಬರುವವರು ಶಾಲೆಗೆ ಹೋಗುವ ಮಕ್ಕಳು. ಹಾಗಾಗಿ ನಮ್ಮ ಕೈಯಲ್ಲಿ ಕೋವಿ ಮಾಡುವ ಕೆಲಸ ಹೆಚ್ಚಿನದು ಸದ್ದು ಮಾತ್ರ. ಸದ್ದಿನಲ್ಲಿ ಪಾಯಿಂಟ್ 22 ಪಟಾಕಿಗೂ ಸಾಟಿಯಲ್ಲ, 12 ಬೋರಿನ ಒಂದು ಈಡು ಆಚೆ ಗುಡ್ಡದವರೆಗೆ ಕೇಳುತ್ತದೆ.

ಅದೂ ಚುನಾವಣೆ ಬಂದಾಗ ಕೈಯಲ್ಲಿರುವುದಿಲ್ಲ ಅನ್ನುವುದು ನಮ್ಮೆಲ್ಲರ ತಕರಾರು. 2023ರ ಮೇ, 2024ರ ಏಪ್ರಿಲ್, ಎರಡೂ ಸಲ ಠಾಣೆಯ ದಾರಿಯೇ ಗತಿ ಅಂದವರು ಎಷ್ಟು ಮಂದಿ! ಆಯೋಗದ ಸೂಚನೆಯಲ್ಲಿ ಯಾರ ಕೋವಿ ಇಡಿಸಿಕೊಳ್ಳಬೇಕು ಅಂತ ನೋಡಲು ಪರಿಶೀಲನಾ ಸಮಿತಿ ಉಂಟು. ಮಂಗ ಮಾತ್ರ ನೀತಿ ಸಂಹಿತೆ ಓದುವುದಿಲ್ಲ. ಅಡಿಕೆ ಕೃಷಿಕರು ಪ್ರತಿ ಸಲ ಕೊನೆ ಗಳಿಗೆಯಲ್ಲಿ ಓಡುವ ಬದಲು ಮೊದಲೇ ಒಟ್ಟಾಗಿ ವಿನಾಯಿತಿಗೆ ಮನವಿ ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ.

ರೈಫಲ್ಲಿನ ಆಸೆ ನಿಜಕ್ಕೂ ಇದ್ದರೆ ಅದನ್ನು ಕ್ರೀಡೆಯಾಗಿ ಕಲಿಯಿರಿ. ರೈಫಲ್ ಅಸೋಸಿಯೇಷನ್ನಿನ ರೇಂಜ್‌ನಲ್ಲಿ, ಹಿಂದೆ ಮಣ್ಣಿನ ಗೋಡೆ ಇರುವಲ್ಲಿ, ಪಾಯಿಂಟ್ 22ರಷ್ಟು ಒಳ್ಳೆಯ ಗುರು ಇಲ್ಲ. ಒಲಿಂಪಿಕ್ಸ್‌ನ 50 ಮೀಟರ್ ಸ್ಪರ್ಧೆ ನಡೆಯುವುದೇ ಅದರಲ್ಲಿ.

ಹುಡುಗ ಅರ್ಧ ಒಪ್ಪಿದ್ದಾನೆ. ಭಾನುವಾರ ಬಾ ಅಂದಿದ್ದೇನೆ. ನಮ್ಮಲ್ಲಿ ಲೈಸೆನ್ಸ್ ಬೇಡದ ಪಾಯಿಂಟ್ 177ರ ಏರ್‌ಗನ್ ಉಂಟು. ಕೊಟ್ಟಿಗೆಯ ಹಿಂದಿನ ಧರೆಗೆ ಹತ್ತು ಗೆರಟೆ ಕಟ್ಟಿ ಇಡ್ತೇನೆ, ಒಂದು ಸಲಕ್ಕೆ ಒಂದೇ ಗುಂಡು.