ಮನೆಯೇ ಪಾಠಶಾಲೆಯಾದಾಗ ವಿಜ್ಞಾನದ ಪುಸ್ತಕ ಯಾವುದಿರಬೇಕು?

ಮಗುವನ್ನು ಹಾಫಿಝ್ ಮಾಡಬೇಕೆಂಬ ಹಂಬಲ ನಮ್ಮ ಸಮುದಾಯದ ಅನೇಕ ಮನೆಗಳಲ್ಲಿದೆ. ಪವಿತ್ರ ಕುರ್‌ಆನನ್ನು ಹೃದಯಸ್ಥಗೊಳಿಸುವ ಎರಡು-ಮೂರು ವರ್ಷಗಳ ಕಾಲ ಮಗುವನ್ನು ಶಾಲೆಯಿಂದ ಬಿಡಿಸಿ, ಶಾಲೆಯ ಪಾಠಗಳನ್ನು ಮನೆಯಲ್ಲಿಯೇ ಕಲಿಸುವ ಹೆತ್ತವರು ನಮ್ಮ ನಡುವೆ ಇದ್ದಾರೆ. ಹೆಚ್ಚಾಗಿ ಈ ಮಕ್ಕಳು ಎಂಟರಿಂದ ಹನ್ನೊಂದರ ವಯಸ್ಸಿನವರು. ಕನ್ನಡ, ಇಂಗ್ಲಿಷ್ ಮತ್ತು ಗಣಿತಕ್ಕೆ ಅಂತಹ ಮನೆಗಳಲ್ಲಿ ಹೇಗಾದರೂ ಸಮಯ ಹೊಂದಿಸಲಾಗುತ್ತದೆ. ವಿಜ್ಞಾನದ ಮಾತು ಬಂದಾಗ ಮಾತ್ರ, ಮುಂದೆ ಶಾಲೆಗೆ ಮರಳಿದ ಮೇಲೆ ನೋಡಿಕೊಂಡರಾಯಿತು ಎಂಬ ಉತ್ತರ ಸಿದ್ಧವಾಗಿರುತ್ತದೆ. ನಾವೂ ಒಂದು ಕಾಲದಲ್ಲಿ ಹಾಗೆಯೇ ಹೇಳಿದ್ದೆವು. ಅದು ತಪ್ಪೆಂದು ಇಂದು ನಮಗೆ ಮನವರಿಕೆಯಾಗಿದೆ. ಏಕೆಂದರೆ ಏಕೆ, ಹೇಗೆ ಎಂದು ಎಡೆಬಿಡದೆ ಕೇಳುವ ವಯಸ್ಸು ಅದು. ಆಗ ಉತ್ತರ ಸಿಗದ ಮಗು ಕ್ರಮೇಣ ಕೇಳುವುದನ್ನೇ ನಿಲ್ಲಿಸುತ್ತದೆ.

ಪರೀಕ್ಷೆಯ ಭಯ ಇಲ್ಲಿ ದೊಡ್ಡದಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯು ಮುಕ್ತ ಮೂಲ ಶಿಕ್ಷಣದ ಹೆಸರಿನಲ್ಲಿ ಎ, ಬಿ, ಸಿ ಎಂಬ ಮೂರು ಹಂತಗಳನ್ನು ನಡೆಸುತ್ತದೆ. ಇವು ಕ್ರಮವಾಗಿ ಮೂರು, ಐದು ಮತ್ತು ಎಂಟನೆಯ ತರಗತಿಗಳಿಗೆ ಸಮಾನ. ರಾಜ್ಯದ ಪಠ್ಯಕ್ರಮದಲ್ಲಿಯೂ ಐದನೆಯ ತರಗತಿಯವರೆಗೆ ವಿಜ್ಞಾನವು ಪ್ರತ್ಯೇಕ ವಿಷಯವಾಗಿಲ್ಲ. ಅದು 'ಪರಿಸರ ಅಧ್ಯಯನ'ದೊಳಗೆ ಬೆರೆತಿದೆ. ಹಾಗಾಗಿ ಆರಂಭದ ಈ ವರ್ಷಗಳಲ್ಲಿ ಏನನ್ನು, ಯಾವ ಪುಸ್ತಕದಿಂದ ಕಲಿಸಬೇಕೆಂಬ ಆಯ್ಕೆ ಬಹುಮಟ್ಟಿಗೆ ಹೆತ್ತವರ ಕೈಯಲ್ಲಿದೆ. ಈ ಸ್ವಾತಂತ್ರ್ಯವು ಒಂದು ಅಮಾನತ್ತೂ ಹೌದು.

ಆ ಅಮಾನತ್ತನ್ನು ನಿಭಾಯಿಸುವಲ್ಲಿ ನಾವು ಎಡವಿದ ಬಗೆಯನ್ನು ಮೊದಲು ಹೇಳಬೇಕು. ಮನೆಶಿಕ್ಷಣಕ್ಕೆಂದೇ ಸಿದ್ಧಪಡಿಸಿದ ವಿದೇಶೀ ವಿಜ್ಞಾನ ಪುಸ್ತಕಗಳ ಒಂದು ಮಾಲೆಯನ್ನು ನಾವು ದುಬಾರಿ ಬೆಲೆ ತೆತ್ತು ತರಿಸಿದೆವು. ಕಾಗದ ಚೆನ್ನಾಗಿತ್ತು, ಚಿತ್ರಗಳು ಕಣ್ಮನ ಸೆಳೆಯುತ್ತಿದ್ದವು. ಅದಕ್ಕಿಂತ ಹೆಚ್ಚಾಗಿ, ಪುಟ ಪುಟದಲ್ಲಿಯೂ ಸೃಷ್ಟಿಕರ್ತನ ಸ್ಮರಣೆಯಿತ್ತು. ವಿಶ್ವಾಸಿಯ ಮನೆಗೆ ಇದಕ್ಕಿಂತ ಸೂಕ್ತವಾದದ್ದು ಇನ್ನೇನಿದೆ ಎಂದುಕೊಂಡೆವು. ಕೆಲವು ತಿಂಗಳುಗಳ ಬಳಿಕ ಒಂಬತ್ತರ ಹರೆಯದ ನಮ್ಮ ಮಗ ಎರಡು ಪುಸ್ತಕಗಳನ್ನು ಹಿಡಿದುಕೊಂಡು ಬಂದ. ಗ್ರಂಥಾಲಯದಿಂದ ತಂದ ಕನ್ನಡ ಪುಸ್ತಕದಲ್ಲಿ, ಡೈನೋಸಾರುಗಳು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆಯೇ ಅಳಿದವು ಎಂದಿತ್ತು. ವಿದೇಶೀ ಪುಸ್ತಕದಲ್ಲಿ ಅವು ಮನುಷ್ಯರ ಕಾಲದಲ್ಲಿಯೇ ಬದುಕಿದ್ದವು, ಭೂಮಿಗೆ ಆಗಿರುವುದೇ ಕೆಲವು ಸಾವಿರ ವರ್ಷ ಎಂದಿತ್ತು. "ಅಬ್ಬಾ, ಇದರಲ್ಲಿ ಸುಳ್ಳು ಹೇಳುತ್ತಿರುವುದು ಯಾರು?" ಎಂದು ಅವನು ಕೇಳಿದಾಗ ನಮ್ಮ ಬಳಿ ಉತ್ತರವಿರಲಿಲ್ಲ. ಪುಸ್ತಕವನ್ನು ನಾವೇ ಪೂರ್ತಿಯಾಗಿ ಓದಿರಲಿಲ್ಲ.

ಆ ಬಳಿಕ ಓದಿ ತಿಳಿದುಕೊಂಡೆವು. 17ನೆಯ ಶತಮಾನದಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಬೈಬಲಿನ ವಂಶಾವಳಿಗಳ ವರ್ಷಗಳನ್ನು ಕೂಡಿಸಿ, ಜಗತ್ತು ಕ್ರಿಸ್ತಪೂರ್ವ 4004ರಲ್ಲಿ ಸೃಷ್ಟಿಯಾಯಿತೆಂದು ಲೆಕ್ಕ ಹಾಕಿದ್ದರು. ಭೂಮಿಯ ಶಿಲಾಪದರಗಳೂ ಪಳೆಯುಳಿಕೆಗಳೂ ಒಂದೇ ಜಲಪ್ರಳಯದಿಂದ ಉಂಟಾದವು ಎಂಬ ವಾದವನ್ನು 1961ರಲ್ಲಿ ಅಮೆರಿಕದಲ್ಲಿ ವಿಟ್‌ಕೋಂಬ್ ಮತ್ತು ಮಾರಿಸ್ ಎಂಬಿಬ್ಬರು ಗ್ರಂಥರೂಪದಲ್ಲಿ ಮುಂದಿಟ್ಟರು. ಅಲ್ಲಿನ ಕ್ರೈಸ್ತರಲ್ಲಿ ಒಂದು ವರ್ಗ ಮಾತ್ರ ಒಪ್ಪಿರುವ ಚಿಂತನೆ ಇದು. ಆ ದೇಶದ ಮನೆಶಿಕ್ಷಣದ ವಿಜ್ಞಾನ ಪುಸ್ತಕಗಳಲ್ಲಿ ಹಲವು ಇದೇ ನೆಲೆಯಲ್ಲಿ ರಚಿತವಾಗಿವೆ. ಭೂಮಿಗೆ ಇಷ್ಟೇ ವರ್ಷ ಎಂಬ ಲೆಕ್ಕವನ್ನು ಕುರ್‌ಆನ್ ಎಲ್ಲಿಯೂ ನೀಡಿಲ್ಲ. ಶಿಲೆಗಳ ಅಧ್ಯಯನದಿಂದ ವಿಜ್ಞಾನಿಗಳು ಕಂಡುಕೊಂಡಿರುವ ವಯಸ್ಸು ಸುಮಾರು 454 ಕೋಟಿ ವರ್ಷ. ನಮ್ಮ ಧರ್ಮವು ನಮ್ಮ ಮೇಲೆ ಹೊರಿಸದ ಹೊರೆಯೊಂದನ್ನು, ಹೊದಿಕೆಯ ಮೇಲಿನ ಮಾತನ್ನು ನೋಡಿ ನಾವೇ ಮಗುವಿನ ತಲೆಯ ಮೇಲಿಟ್ಟಿದ್ದೆವು.

ಇದಕ್ಕೆ ಪರ್ಯಾಯವೆಂದು ನಮ್ಮವರು ಸೂಚಿಸುವ ಇನ್ನೊಂದು ದಾರಿಯಿದೆ. ಆಧುನಿಕ ವಿಜ್ಞಾನದ ಸಂಶೋಧನೆಗಳೆಲ್ಲ ಕುರ್‌ಆನಿನಲ್ಲಿ ಮೊದಲೇ ಇವೆ ಎಂದು ಪಟ್ಟಿ ಮಾಡುವ ಕಿರುಪುಸ್ತಕಗಳನ್ನೇ ವಿಜ್ಞಾನದ ಪಾಠವಾಗಿಸುವುದು. ಅವುಗಳನ್ನು ಬರೆದವರ ಸದುದ್ದೇಶವನ್ನು ನಾವು ಶಂಕಿಸುವುದಿಲ್ಲ. ಆದರೆ ಅವುಗಳನ್ನು ಓದಿದ ಮಗು ಒಂದು ಬೀಜವನ್ನೂ ಬಿತ್ತುವುದಿಲ್ಲ, ಒಂದು ನೆರಳನ್ನೂ ಅಳೆಯುವುದಿಲ್ಲ. ವಿಜ್ಞಾನದ ನಿರ್ಣಯಗಳು ಹೊಸ ಸಾಕ್ಷ್ಯ ದೊರೆತಾಗ ಬದಲಾಗುತ್ತವೆ. ಅದು ಆ ವಿದ್ಯೆಯ ಸ್ವಭಾವ. ಇಂದಿನ ಒಂದು ಸಿದ್ಧಾಂತಕ್ಕೆ ಮಗುವಿನ ಈಮಾನನ್ನು ಕಟ್ಟಿಹಾಕಿದರೆ, ನಾಳೆ ಆ ಸಿದ್ಧಾಂತ ಬಿದ್ದಾಗ ಮಗು ಏನನ್ನು ಹಿಡಿದುಕೊಳ್ಳಬೇಕು? ಕುರ್‌ಆನ್ ಒಂಟೆಯನ್ನು, ಆಕಾಶವನ್ನು, ಪರ್ವತಗಳನ್ನು ನೋಡಿರೆಂದು ಮನುಷ್ಯನನ್ನು ಕರೆಯುತ್ತದೆ. ನೋಡುವ ಶ್ರಮವನ್ನು ಅದು ನಮಗೇ ಬಿಟ್ಟಿದೆ.

ಹಾಗಾದರೆ ಪುಸ್ತಕವನ್ನು ಆರಿಸುವುದು ಹೇಗೆ? ನಮ್ಮ ಅನುಭವದಲ್ಲಿ ಮೂರು ಪ್ರಶ್ನೆಗಳು ಸಾಕು. ಉತ್ತರ ಹೇಳುವುದಕ್ಕೆ ಮುಂಚೆ ಪುಸ್ತಕವು ಮಗುವಿನಿಂದ ಏನನ್ನಾದರೂ ಮಾಡಿಸುತ್ತದೆಯೇ? ಅದರಲ್ಲಿ ಹೇಳಿರುವ ಗಿಡ, ಹಕ್ಕಿ, ಋತುಗಳು ನಮ್ಮ ಮನೆಯ ಸುತ್ತ ಇವೆಯೇ? ಕಲಿಸುವ ತಾಯಿಗೋ ತಂದೆಗೋ ವಿಜ್ಞಾನದ ಪದವಿ ಇಲ್ಲದಿದ್ದರೂ ಅದರಿಂದ ಕಲಿಸಲು ಸಾಧ್ಯವೇ?

ಈ ಒರೆಗಲ್ಲಿಗೆ ಹಚ್ಚಿದಾಗ ದುಬಾರಿ ಮಾಲೆಗಿಂತ ಸುಲಭವಾಗಿ ದೊರೆಯುವ ನಮ್ಮ ಪುಸ್ತಕಗಳೇ ಮೇಲೆನಿಸಿದವು. ರಾಜ್ಯದ 'ಪರಿಸರ ಅಧ್ಯಯನ' ಕನ್ನಡದಲ್ಲಿದೆ. ನಮ್ಮ ಊರಿನ ಕೆರೆ, ಗದ್ದೆ, ಆಹಾರಗಳು ಅದರಲ್ಲಿವೆ. ಎನ್‌ಸಿಇಆರ್‌ಟಿಯ ಐದನೆಯ ತರಗತಿಯ ಹಳೆಯ ಪರಿಸರ ಪುಸ್ತಕದಲ್ಲಿ ಆಯೇಷಾ ಎಂಬ ಹುಡುಗಿ, ಅಮ್ಮಿ ಎಣ್ಣೆಗೆ ಹಾಕಿದ ಪೂರಿ ಮೊದಲು ಮುಳುಗಿ, ಉಬ್ಬಿದ ಮೇಲೆ ತೇಲುವುದನ್ನು ಗಮನಿಸುತ್ತಾಳೆ. ಮುಳುಗುವುದು-ತೇಲುವುದರ ಪಾಠ ಅಲ್ಲಿಂದ ಆರಂಭವಾಗುತ್ತದೆ. ಮುಂಬೈಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರವು ಪ್ರಾಥಮಿಕ ತರಗತಿಗಳಿಗಾಗಿ ರೂಪಿಸಿದ 'ಸ್ಮಾಲ್ ಸೈನ್ಸ್' ಮಾಲೆಯಲ್ಲಿ ಪಠ್ಯ ಮತ್ತು ಅಭ್ಯಾಸ ಪುಸ್ತಕಗಳ ಜೊತೆಗೆ ಶಿಕ್ಷಕರ ಪುಸ್ತಕವೂ ಇದೆ. ಪದವಿಯಿಲ್ಲದ ತಾಯಂದಿರಿಗೆ ಆಸರೆಯಾಗುವುದು ಈ ಮೂರನೆಯದು. ಇವುಗಳೊಂದಿಗೆ ಒಂದು ಭೂತಗನ್ನಡಿ, ಒಂದು ಆಯಸ್ಕಾಂತ, ಒಂದು ಅಳತೆಪಟ್ಟಿ, ಒಂದು ನೋಟುಪುಸ್ತಕ ಇದ್ದರೆ ಸಾಕು. ವಾರಕ್ಕೆ ಮೂರು ದಿನ, ಅರ್ಧ-ಮುಕ್ಕಾಲು ಗಂಟೆ. ಹಿಫ್ಝ್‌ನ ಪಾಠಕ್ಕೆ ಇದರಿಂದ ಅಡ್ಡಿಯಾಗುವುದಿಲ್ಲ.

ನಮ್ಮ ದಿನಚರಿಯಲ್ಲಿಯೇ ಅಡಗಿರುವ ಪಾಠಗಳೂ ಇವೆ. ಅಸ್ರ್ ನಮಾಝ್‌ನ ಸಮಯವನ್ನು ನೆರಳಿನಿಂದ ತಿಳಿಯಬಹುದೆಂದು ಮದ್ರಸದಲ್ಲಿ ಮಗು ಕಲಿತಿರುತ್ತದೆ. ಅಂಗಳದಲ್ಲಿ 50 ಸೆಂಟಿಮೀಟರಿನ ಕೋಲೊಂದನ್ನು ನೆಟ್ಟಗೆ ನಿಲ್ಲಿಸಿ ಅದನ್ನು ಅಳೆಯಲು ಹೇಳಿ. ಮಂಗಳೂರಿನಲ್ಲಿ ಡಿಸೆಂಬರಿನ ಕೊನೆಗೆ ನಡುಹಗಲಿನ ನೆರಳು ಸುಮಾರು 37 ಸೆಂಟಿಮೀಟರ್ ಇರುತ್ತದೆ. ಅದರ ಮೇಲೆ ಕೋಲಿನಷ್ಟೇ ಉದ್ದ ಸೇರಿ 87 ಆದಾಗ ಶಾಫಿಈ ಮದ್‌ಹಬ್ ಪ್ರಕಾರ ಅಸ್ರ್ ಆರಂಭ. ಹನಫಿಗಳಿಗೆ 137 ಆಗಬೇಕು. ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ ನಡುಹಗಲಿನಲ್ಲಿ ಕೋಲಿಗೆ ನೆರಳೇ ಇರುವುದಿಲ್ಲ. ಮೇ ತಿಂಗಳಲ್ಲಿ ಆ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಏಕೆ ಎಂದು ಮಗು ತಾನಾಗಿಯೇ ಕೇಳುವಾಗ, ಭೂಮಿಯ ಓರೆಯ ಪಾಠಕ್ಕೆ ಬಾಗಿಲು ತೆರೆಯುತ್ತದೆ. ಹಾಗೆಯೇ ಒಂದು ಹಿಜರಿ ತಿಂಗಳಿನುದ್ದಕ್ಕೂ ಚಂದ್ರನ ಚಿತ್ರ ಬಿಡಿಸಿದ ಮಗುವಿಗೆ, ತಿಂಗಳು ಕೆಲವೊಮ್ಮೆ 29, ಕೆಲವೊಮ್ಮೆ 30 ದಿನವಾಗುವುದು ಬಾಯಿಪಾಠದ ವಿಷಯವಾಗಿ ಉಳಿಯುವುದಿಲ್ಲ.

ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಸುಮಾರು 1040ರಲ್ಲಿ ತೀರಿಕೊಂಡ ಇಬ್ನುಲ್ ಹೈಸಮ್‌ರ ಹೆಸರನ್ನು ನಾವು ಭಾಷಣಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ತಲುಪುತ್ತದೆ ಎಂಬ ಪುರಾತನರ ಮಾತನ್ನು ಅವರು ಒಪ್ಪಲಿಲ್ಲ. ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆಂದು 'ಕಿತಾಬುಲ್ ಮನಾಝಿರ್' ಗ್ರಂಥದಲ್ಲಿ ವಾದಿಸಿದರು. ಕತ್ತಲೆ ಕೋಣೆಯ ಸಣ್ಣ ರಂಧ್ರದೆದುರು ಹಲವು ದೀಪಗಳನ್ನಿಟ್ಟು, ಒಂದನ್ನು ಮರೆಮಾಡಿದಾಗ ಗೋಡೆಯ ಮೇಲೆ ಅದೊಂದರ ಬೆಳಕು ಮಾತ್ರ ಮಾಯವಾಗುವುದನ್ನು ತೋರಿಸಿದರು. ಎರಡು ಮೋಂಬತ್ತಿ ಮತ್ತು ತೂತು ಮಾಡಿದ ರಟ್ಟಿನಿಂದ ಇದೇ ಪ್ರಯೋಗವನ್ನು ನಾವು ಅಡುಗೆಮನೆಯಲ್ಲಿ ಮಾಡಿದೆವು. ಅಂದು ಮಗನ ಮುಖದಲ್ಲಿ ಕಂಡ ಬೆರಗನ್ನು ಯಾವ ಭಾಷಣವೂ ತಂದಿರಲಿಲ್ಲ.

ಕಠಿಣ ಪ್ರಶ್ನೆಗಳು ಬಂದೇ ಬರುತ್ತವೆ. ಜೀವಿಗಳ ವಿಕಾಸದ ಬಗ್ಗೆ ಮಗು ಎಲ್ಲಿಯಾದರೂ ಓದುತ್ತದೆ. ಪುಟವನ್ನು ಹರಿದುಹಾಕುವುದು ಪರಿಹಾರವಾಗದು. ವಿಜ್ಞಾನಿಗಳು ಏನು ಹೇಳುತ್ತಾರೆ, ಯಾವ ಆಧಾರದ ಮೇಲೆ ಹೇಳುತ್ತಾರೆ ಎಂಬುದನ್ನು ಇದ್ದದ್ದು ಇದ್ದಂತೆ ತಿಳಿಸಬೇಕು. ನಮ್ಮ ವಿಶ್ವಾಸ ಏನೆಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ನಮಗೆ ತಿಳಿಯದಿದ್ದರೆ ತಿಳಿಯದು ಎನ್ನಲು ನಾಚಬಾರದು. ಉಲಮಾಗಳು ತಮಗೆ ತಿಳಿಯದಲ್ಲಿ, ಅಲ್ಲಾಹನೇ ಹೆಚ್ಚು ಬಲ್ಲವನು ಎಂದು ಮುಗಿಸುವ ಪರಂಪರೆ ನಮ್ಮದು.

ಆ ದಿನ ಮಗ ಕೇಳಿದ ಪ್ರಶ್ನೆಗೆ ನಾವು ಕೊನೆಗೆ ಕೊಟ್ಟ ಉತ್ತರ ಇಷ್ಟೇ: ಪುಸ್ತಕ ಆರಿಸುವಾಗ ನಾವು ತಪ್ಪಿದೆವು, ಇನ್ನು ಜೊತೆಯಾಗಿ ಓದೋಣ. ಮಗು ಪಳೆಯುಳಿಕೆಯ ಲೆಕ್ಕವನ್ನು ನಾಳೆ ಮರೆಯಬಹುದು. ತನ್ನ ಹೆತ್ತವರು ಸತ್ಯವನ್ನು ಮರೆಮಾಚಿದರೋ ಇಲ್ಲವೋ ಎಂಬುದನ್ನು ಅದು ಮರೆಯುವುದಿಲ್ಲ. ಪುಸ್ತಕವನ್ನು ಕೊಳ್ಳುವ ಮುನ್ನ ಅದರ ಕೊನೆಯ ಪುಟದವರೆಗೂ ನಾವೇ ಓದೋಣ.