ಹೊರಗಿನವರ ತನಿಖೆಗೆ ಸಭೆ ಏಕೆ ಅಂಜಬೇಕು?

ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಹಿರಿಯ ಬಿಷಪ್ ಆಗಿದ್ದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ 2024ರ ನವೆಂಬರ್ 12ರಂದು ರಾಜೀನಾಮೆ ಘೋಷಿಸಿದರು. ಅದು ಸರಿಯಾದ ನಿರ್ಧಾರ. ಆದರೆ ಒಬ್ಬರು ಪೀಠ ಬಿಟ್ಟಿಳಿದರೆ ನಾಲ್ಕು ದಶಕಗಳ ಮೌನಕ್ಕೆ ಲೆಕ್ಕ ಚುಕ್ತಾ ಆಗುವುದಿಲ್ಲ.

ಬ್ಯಾರಿಸ್ಟರ್ ಜಾನ್ ಸ್ಮೈಥ್ ಕ್ರೈಸ್ತ ಶಿಬಿರಗಳಿಗೆ ಬರುತ್ತಿದ್ದ ಹುಡುಗರಿಗೆ, ಇದು ಪಾಪಕ್ಕೆ ಪ್ರಾಯಶ್ಚಿತ್ತವೆಂದು ನಂಬಿಸಿ, ರಕ್ತ ಸುರಿಯುವಂತೆ ಬೆತ್ತದಿಂದ ಹೊಡೆಯುತ್ತಿದ್ದ. 1982ರಲ್ಲೇ ಪಾದ್ರಿಯೊಬ್ಬರು ಇದನ್ನೆಲ್ಲ ವರದಿಯಾಗಿ ಬರೆದರು. ಓದಿದವರು ಪೊಲೀಸರ ಬಳಿ ಹೋಗಲಿಲ್ಲ. ದೇವರ ಕೆಲಸಕ್ಕೆ ಧಕ್ಕೆಯಾದೀತೆಂದು ಬಾಯಿ ಮುಚ್ಚಿಕೊಂಡರು. 1984ರಲ್ಲಿ ಸ್ಮೈಥ್ ಜಿಂಬಾಬ್ವೆ ಸೇರಿದ. ಅಲ್ಲಿಯೂ ಶಿಬಿರ, ಅಲ್ಲಿಯೂ ಹೊಡೆತ. 2013ರಲ್ಲಿ ದೂರು ವೆಲ್ಬಿಯವರಿಗೆ ತಲುಪಿತು. ಪೊಲೀಸರಿಗೆ ವಿಷಯ ಹೋಗಿದೆಯೆಂದು ತಾವು ನಂಬಿದ್ದಾಗಿ ಅವರು ಹೇಳುತ್ತಾರೆ. ಅವರು ಇನ್ನೂ ಹೆಚ್ಚಿನದನ್ನು ಮಾಡಬಹುದಿತ್ತು, ಮಾಡಬೇಕಿತ್ತು ಎಂದು ಈ ಪ್ರಕರಣವನ್ನು ಪರಿಶೀಲಿಸಿದ ಕೀತ್ ಮೇಕಿನ್ ವರದಿ ತೀರ್ಮಾನಿಸಿತು. ರಾಜೀನಾಮೆಗೆ ಅದೇ ಕಾರಣವಾಯಿತು. ಸ್ಮೈಥ್ ಮಾತ್ರ 2018ರಲ್ಲಿ ಶಿಕ್ಷೆಯಾಗದೆಯೇ ಸತ್ತಿದ್ದ.

ಇಷ್ಟಾದರೂ ಆ ಸಭೆ ಪೂರ್ತಿ ಪಾಠ ಕಲಿಯಲಿಲ್ಲ. 2025ರ ಫೆಬ್ರುವರಿಯಲ್ಲಿ ಅದರ ಶಾಸನಸಭೆಯಾದ ಜನರಲ್ ಸಿನಾಡ್, ಮಕ್ಕಳ ಮತ್ತು ದುರ್ಬಲರ ರಕ್ಷಣೆಯ ಹೊಣೆಯನ್ನೆಲ್ಲ ಸ್ವತಂತ್ರ ಸಂಸ್ಥೆಗೆ ವಹಿಸುವ ಪ್ರಸ್ತಾವವನ್ನು ಸದ್ಯಕ್ಕೆ ಬದಿಗಿಟ್ಟಿತು. ರಾಷ್ಟ್ರಮಟ್ಟದ ತಂಡವನ್ನಷ್ಟೇ ಅಂಥ ಸಂಸ್ಥೆಗೆ ಸೇರಿಸಲು ಒಪ್ಪಿ, ಬಿಷಪ್ಪರ ಆಡಳಿತ ಪ್ರಾಂತಗಳಾದ ಡಯೋಸಿಸ್‌ಗಳ ಸಿಬ್ಬಂದಿಯನ್ನು ಸಭೆಯ ಕೈಕೆಳಗೇ ಉಳಿಸಿಕೊಂಡಿತು. ಸಂಬಳ ಕೊಡುವವರ ಮೇಲೆಯೇ ತನಿಖೆ ನಡೆಸಬೇಕಾದ ನೌಕರನಿಗೆ ಎಷ್ಟು ಧೈರ್ಯ ಬಂದೀತು?

ಕ್ರೈಸ್ತನಾದವನು ಕ್ಷಮಿಸಬೇಕಲ್ಲವೇ ಎಂದು ಕೇಳುವವರಿದ್ದಾರೆ. ಕ್ಷಮಿಸುವ ಹಕ್ಕು ಪೆಟ್ಟು ತಿಂದವನದು. ಅವನ ಪರವಾಗಿ ಬಿಷಪ್ಪರು ಅದನ್ನು ಹಂಚುವಂತಿಲ್ಲ. ಸಭಾಧ್ಯಕ್ಷನಾಗುವವನು ಹೊರಗಿನವರಿಂದಲೂ ಒಳ್ಳೆಯ ಹೆಸರು ಪಡೆದಿರಬೇಕೆಂದು ತಿಮೊಥೆಯನಿಗೆ ಬರೆದ ಮೊದಲ ಪತ್ರವೇ ವಿಧಿಸುತ್ತದೆ. ಹಾಗಿದ್ದ ಮೇಲೆ ಹೊರಗಿನವರ ಪರೀಕ್ಷೆಯನ್ನು ನಂಬಿಕೆಗೆ ಬಂದ ಅಪಾಯವೆಂದು ಬಗೆಯುವುದು ಶಾಸ್ತ್ರಕ್ಕೇ ವಿರುದ್ಧ.

1947ರಲ್ಲಿ ಹುಟ್ಟಿದ ನಮ್ಮ ದಕ್ಷಿಣ ಭಾರತ ಸಭೆಯೂ ಆಂಗ್ಲಿಕನ್ ಬಳಗಕ್ಕೇ ಸೇರಿದ್ದು. ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಿದ್ದೂ ತಿಳಿಸದಿರುವುದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ. ಬಿಷಪ್ಪರಿಗೂ ಅದರಿಂದ ವಿನಾಯಿತಿಯಿಲ್ಲ. ಆದರೆ ಕಾಯ್ದೆ ಬಾಗಿಲು ತಟ್ಟುವವರೆಗೆ ಕಾಯಬೇಕೇ? ಕರ್ನಾಟಕದ ಪ್ರತಿ ಡಯೋಸಿಸ್ಸೂ ಸಭೆಯ ಸಂಬಳ ಪಡೆಯದವರೇ ಇರುವ ದೂರು ಸಮಿತಿಯೊಂದನ್ನು ರಚಿಸಲಿ, ಅದರ ವರದಿಯನ್ನು ಸಭಿಕರ ಮುಂದಿಡಲಿ. ಮುಂದಿನ ಸಭಾಕೂಟದಲ್ಲಿ ಇದನ್ನು ಎದ್ದು ನಿಂತು ಕೇಳಿ. ಕೇಳುವುದು ದ್ರೋಹವಲ್ಲ, ವಿಶ್ವಾಸಿಗಳ ಕರ್ತವ್ಯ.